ಗುಡ್ಡದ ಮೇಲಿನ ನೀರು: ಶಿಶುಗೀತೆಗಳ ಹಳೆಯ ಚಿತ್ರಗಳಲ್ಲಿ ಮಕ್ಕಳ ಆಟ

ಮಕ್ಕಳಿಗಾಗಿ ಬರೆದ ಪದ್ಯವನ್ನು ವಿಮರ್ಶೆಗೆ ಯೋಗ್ಯವೆಂದು ಎಣಿಸುವವರು ನಮ್ಮಲ್ಲಿ ವಿರಳ. ಆ ಪದ್ಯದ ಪಕ್ಕದಲ್ಲಿರುವ ಚಿತ್ರವನ್ನು ನಿಂತು ನೋಡುವವರು ಇನ್ನೂ ವಿರಳ. ಚಿತ್ರವಿರುವುದು ಪುಟದ ಅಂದಕ್ಕೆ, ಮಗುವಿನ ಕಣ್ಣನ್ನು ಒಂದು ಕ್ಷಣ ಹಿಡಿದಿಡುವುದಕ್ಕೆ ಎಂದು ಹಿರಿಯರಾದ ನಾವು ತಿಳಿದುಬಿಟ್ಟಿದ್ದೇವೆ. ಆದರೆ ಅಕ್ಷರ ಬಾರದ ಮಗು ಓದುವುದು ಚಿತ್ರವನ್ನೇ. ಆಟವೆಂದರೆ ಏನು, ಯಾರ ಆಟ ಪುಸ್ತಕದಲ್ಲಿ ಇರತಕ್ಕದ್ದು, ಯಾರದು ಬೀದಿಯಲ್ಲಿಯೇ ಉಳಿಯತಕ್ಕದ್ದು ಎಂಬುದನ್ನು ಮಗು ಮೊದಲು ಕಲಿಯುವುದು ಅಲ್ಲಿಯೇ. ಆದುದರಿಂದ ಆ ಚಿತ್ರಗಳನ್ನು ಒಮ್ಮೆಯಾದರೂ ಗಂಭೀರವಾಗಿ ಓದುವುದು ಅವಶ್ಯ.

ನನ್ನ ಮಟ್ಟಿಗೆ ಈ ಓದಿಗೆ ಕಾರಣವಾದದ್ದು ಒಂದು ಮಗುವಿನ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ ಒಂದು ಪುಟ್ಟ ಶಿಶುವಿಹಾರದ ಕೋಣೆಯಲ್ಲಿ ಅರ್ಧ ದಿನ ಕುಳಿತಿರುವ ಅವಕಾಶ ನನಗೆ ಒದಗಿತ್ತು. ಹೆಸರಿನಲ್ಲಿಯೇ ಕೆರೆಯೂ ತಾವರೆಯೂ ಇರುವ ಊರು. ಆದರೆ ಸುತ್ತಲಿನದು ಮಳೆಯನ್ನು ನೆಚ್ಚಿ ಕಡಲೆಕಾಯಿ ಬಿತ್ತುವ ಬಯಲುಸೀಮೆ. ಕೋಣೆಯ ಗೋಡೆಯ ಮೇಲೆ ಇಂಗ್ಲಿಷ್ ಶಿಶುಗೀತೆಗಳ ಬಣ್ಣದ ಪಟವೊಂದು ತೂಗುತ್ತಿತ್ತು. ಅದರ ನಡುವಿನ ಚಿತ್ರದಲ್ಲಿ ಜಾಕ್ ಮತ್ತು ಜಿಲ್ ಎಂಬ ಇಬ್ಬರು ಮಕ್ಕಳು ಒಂದು ಬಕೆಟ್ಟನ್ನು ನಡುವೆ ಹಿಡಿದು ಹಸಿರು ಗುಡ್ಡವನ್ನು ಏರುತ್ತಿದ್ದರು. ತಲೆಗೆ ಟೋಪಿ, ಕಾಲಿಗೆ ಕರಿಯ ಪಾದರಕ್ಷೆ, ಮುಖದಲ್ಲಿ ನಗೆ. ಶಿಕ್ಷಕಿ ಪದ್ಯವನ್ನು ಹೇಳಿಸಿದರು, ಮಕ್ಕಳು ಒಕ್ಕೊರಲಿನಿಂದ ಹೇಳಿದರು. ಅದು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ನನ್ನ ಕಡೆಗೆ ತಿರುಗಿ, “ಅಲ್ಲ ಸಾ, ಗುಡ್ಡದ ಮ್ಯಾಲೆ ನೀರು ಎಲ್ಲೈತೆ? ನೀರಿರೋದು ಕೆಳಗಲ್ವಾ?” ಎಂದು ಕೇಳಿದಳು. ಸ್ವಲ್ಪ ತಡೆದು ಇನ್ನೊಂದು ಮಾತನ್ನೂ ಸೇರಿಸಿದಳು: “ಒಂದು ಬಕೀಟಿಗೆ ಇಬ್ಬರ್ ಯಾಕೆ?”

ನಾನು ಉತ್ತರಿಸಲಿಲ್ಲ. ಆ ಮಗು ಚಿತ್ರವನ್ನು ಅಲಂಕಾರವೆಂದು ನೋಡಿರಲಿಲ್ಲ. ತನ್ನ ದಿನನಿತ್ಯದ ಕೆಲಸವೊಂದರ ವರ್ಣನೆಯೆಂದು ನೋಡಿತ್ತು. ನೀರು ತರುವುದು ಎಂದರೇನೆಂದು ಬಲ್ಲವರ ಕಣ್ಣು ಅದು. ನೀರು ತಗ್ಗಿನಲ್ಲಿ ನಿಲ್ಲುತ್ತದೆ, ಒಬ್ಬರು ಒಂದು ಕೊಡವನ್ನು ಹೊರುತ್ತಾರೆ, ನಗುತ್ತ ಹೊರುವುದಿಲ್ಲ. ಪಟದ ಚಿತ್ರಕಾರನಿಗೆ ಇದಾವುದೂ ತಿಳಿದಿರಲಿಲ್ಲ, ಅಥವಾ ತಿಳಿಯಬೇಕಾದ ಅಗತ್ಯ ತೋರಿರಲಿಲ್ಲ. ಆತನಿಗೆ ಬಕೆಟ್ಟು ಒಂದು ಆಟಿಕೆ. ಕೆಲಸವೊಂದು ಹೀಗೆ ಆಟವಾಗಿ ಮಾರ್ಪಟ್ಟದ್ದು ಎಲ್ಲಿ, ಯಾವಾಗ? ಇದನ್ನು ತಿಳಿಯಬೇಕಾದರೆ ನಾವು ತಾವರೆಕೆರೆಯಿಂದ ಬಹುದೂರ, ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದ ಒಂದು ಮುದ್ರಣಾಲಯಕ್ಕೆ ಹೋಗಬೇಕು.

ತೋಟದೊಳಗಿನ ಮಕ್ಕಳು

ಎಡ್ಮಂಡ್ ಇವಾನ್ಸ್ (1826-1905) ಎಂಬ ಮುದ್ರಕ ಆ ಕಾಲದಲ್ಲಿ ಮರದ ಅಚ್ಚುಗಳಿಂದ ಬಣ್ಣದ ಚಿತ್ರಗಳನ್ನು ಮುದ್ರಿಸುವುದರಲ್ಲಿ ನಿಷ್ಣಾತನಾಗಿದ್ದ. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚನ್ನು ಕೆತ್ತಿ, ಒಂದರ ಮೇಲೊಂದು ಒತ್ತಿ, ಕಡಿಮೆ ಬೆಲೆಗೆ ಸೊಗಸಾದ ಪುಸ್ತಕಗಳನ್ನು ಆತ ಹೊರತಂದ. ಆತನ ಮುದ್ರಣಾಲಯದಿಂದ ಮೂವರು ಚಿತ್ರಕಾರರು ಪ್ರಸಿದ್ಧಿಗೆ ಬಂದರು: ವಾಲ್ಟರ್ ಕ್ರೇನ್, ರ‍್ಯಾಂಡಾಲ್ಫ್ ಕಾಲ್ಡಿಕಾಟ್ ಮತ್ತು ಕೇಟ್ ಗ್ರೀನ್‌ಅವೇ. ಇಂದಿಗೂ ಜಗತ್ತಿನಾದ್ಯಂತ ಶಿಶುಗೀತೆಗಳ ಪುಸ್ತಕಗಳು ಇವರಿಂದ ಬಂದ ಆಸ್ತಿಯನ್ನೇ ಕರಗಿಸುತ್ತಿವೆ ಎಂದರೆ ಅತಿಶಯೋಕ್ತಿಯಲ್ಲ.

ಮೂವರಲ್ಲಿ ಹೆಚ್ಚು ಅನುಕರಣೆಗೆ ಒಳಗಾದವರು ಕೇಟ್ ಗ್ರೀನ್‌ಅವೇ (1846-1901). ಅವರ ತಂದೆ ಮರದಚ್ಚು ಕೆತ್ತುವ ಕುಶಲಕರ್ಮಿ. ತಾಯಿ ಲಂಡನ್ನಿನಲ್ಲಿ ಅಂಗಡಿಯಿಟ್ಟು ಸಂಸಾರವನ್ನು ನಡೆಸಿದವರು. 1879ರಲ್ಲಿ ಅವರ ‘ಅಂಡರ್ ದಿ ವಿಂಡೋ’ ಪ್ರಕಟವಾಯಿತು. ಇವಾನ್ಸ್ ಮೊದಲ ಮುದ್ರಣದಲ್ಲಿ 20,000 ಪ್ರತಿಗಳನ್ನು ಅಚ್ಚು ಹಾಕಿದಾಗ ಪ್ರಕಾಶಕರು ಅದು ದುಸ್ಸಾಹಸವೆಂದುಕೊಂಡರು. ಆದರೆ ಪ್ರತಿಗಳು ಬೇಗನೆ ಮುಗಿದು ಮರುಮುದ್ರಣ ಅನಿವಾರ್ಯವಾಯಿತು. 1881ರಲ್ಲಿ ಹಳೆಯ ಶಿಶುಗೀತೆಗಳಿಗೆ ಅವರು ಚಿತ್ರ ಬರೆದ ‘ಮದರ್ ಗೂಸ್’ ಹೊರಬಂತು. ಜಾಕ್ ಮತ್ತು ಜಿಲ್ ಅದರಲ್ಲಿಯೂ ಇದ್ದಾರೆ. ಮಕ್ಕಳು ಕೈಕೈ ಹಿಡಿದು ಸುತ್ತುವ ‘ರಿಂಗ ರಿಂಗ ರೋಸಸ್’ ಆಟದ ಹಾಡು ಇಂಗ್ಲೆಂಡಿನಲ್ಲಿ ಪುಸ್ತಕದ ಪುಟವನ್ನು ಏರಿದ್ದೂ ಆ ಪುಸ್ತಕದಲ್ಲಿಯೇ.

ಆ ಪುಟಗಳನ್ನು ನಿಧಾನವಾಗಿ ನೋಡಿದರೆ ಕೆಲವು ಸಂಗತಿಗಳು ಎದ್ದು ಕಾಣುತ್ತವೆ. ಮಕ್ಕಳು ತೊಟ್ಟಿರುವುದು ಅವರ ಕಾಲದ ಬಟ್ಟೆಯಲ್ಲ, ಅದಕ್ಕೆ ಎರಡು ತಲೆಮಾರುಗಳಷ್ಟು ಹಿಂದಿನದು. ಉದ್ದನೆಯ ನಿಲುವಂಗಿ, ದೊಡ್ಡ ಟೋಪಿ, ಸೊಂಟಕ್ಕೆ ಪಟ್ಟಿ. ಈ ಉಡುಪುಗಳನ್ನು ಗ್ರೀನ್‌ಅವೇ ತಾವೇ ಹೊಲಿದು, ಎದುರಿಗೆ ನಿಲ್ಲಿಸಿಕೊಂಡ ಮಕ್ಕಳಿಗೆ ತೊಡಿಸಿ ಚಿತ್ರ ಬರೆಯುತ್ತಿದ್ದರು. ತೋಟಕ್ಕೆ ಬೇಲಿಯುಂಟು, ಹುಲ್ಲು ಒಂದೇ ಮಟ್ಟಕ್ಕೆ ಬೆಳೆದಿದೆ, ಮನೆಗಳು ಹಿಂದೆ ಮೌನವಾಗಿ ನಿಂತಿವೆ. ಮಕ್ಕಳು ಬಳೆಯುರುಳಿಸುತ್ತಾರೆ, ಹಗ್ಗ ಹಾರುತ್ತಾರೆ, ಗೊಂಬೆ ಹಿಡಿದು ನಡೆಯುತ್ತಾರೆ; ಆದರೆ ಯಾರೂ ಏದುಸಿರು ಬಿಡುವುದಿಲ್ಲ, ಯಾರೂ ಜಗಳವಾಡುವುದಿಲ್ಲ, ಯಾರ ಬಟ್ಟೆಗೂ ಮಣ್ಣು ಮೆತ್ತುವುದಿಲ್ಲ. ಹಾಡಿನ ಕೊನೆಗೆ ಎಲ್ಲರೂ ನೆಲಕ್ಕೆ ಉರುಳಬೇಕಾದ ಆಟದಲ್ಲಿಯೂ ನಮ್ಮ ಮನಸ್ಸಿನಲ್ಲಿ ಉಳಿಯುವುದು ಬಿದ್ದವರ ಗುಂಪಲ್ಲ, ಅಂದವಾಗಿ ನಿಂತ ವೃತ್ತ.

ಗಾಂಧೀಜಿಯವರ ‘ಸರ್ವೋದಯ’ಕ್ಕೆ ಮೂಲವಾದ ಕೃತಿಯನ್ನು ಬರೆದ ಜಾನ್ ರಸ್ಕಿನ್ ಈ ಚಿತ್ರಗಳನ್ನು ಬಹಳವಾಗಿ ಮೆಚ್ಚಿದ್ದರು. 1883ರಲ್ಲಿ ಆಕ್ಸ್‌ಫರ್ಡಿನಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ಗ್ರೀನ್‌ಅವೇ ಚಿತ್ರಿಸುವ ಲೋಕದಲ್ಲಿ ರೈಲುಹಾದಿಗಳಾಗಲಿ ಯಂತ್ರಗಳಾಗಲಿ ಇಲ್ಲವೆಂಬುದನ್ನೇ ಅವರು ಅದರ ಹಿರಿಮೆಯೆಂದು ಎತ್ತಿ ಹೇಳಿದರು. ಅದೇ ರಸ್ಕಿನ್ ಖಾಸಗಿ ಪತ್ರಗಳಲ್ಲಿ ಚಿತ್ರಕಾರ್ತಿಗೆ ಮತ್ತೆ ಮತ್ತೆ ಹೇಳುತ್ತಿದ್ದ ದೂರು ಒಂದಿತ್ತು: ಪಾದಗಳನ್ನು ಸರಿಯಾಗಿ ಅಭ್ಯಾಸ ಮಾಡಬೇಕು ಎಂಬುದು. ವಿಮರ್ಶಕನ ಕಣ್ಣು ಇಲ್ಲಿ ತಪ್ಪಿಲ್ಲ. ಆ ಮಕ್ಕಳ ಮುಖ, ಟೋಪಿ, ತೋಳುಗಳೆಲ್ಲ ಸರಿ. ಪಾದ ಮಾತ್ರ ನೆಲದ ಭಾರವನ್ನು ಬಲ್ಲದು ಎಂದು ಅನಿಸುವುದಿಲ್ಲ. ಇದು ಕೇವಲ ರೇಖೆಯ ದೋಷವಲ್ಲ. ಆಟವನ್ನು ನೆಲದಿಂದ ಬಿಡಿಸಿಕೊಂಡ ದೃಷ್ಟಿಯ ದೋಷ.

ಹಾಗೆಂದು ಅವರಿಗೆ ಅನ್ಯಾಯ ಮಾಡಬಾರದು. ಆ ಚಿತ್ರಗಳು ಹುಟ್ಟಿದ ಕಾಲವನ್ನು ನೆನೆಯಬೇಕು. ಹೊಗೆಗೂಡುಗಳನ್ನು ಗುಡಿಸಲು ಎಳೆಯ ಹುಡುಗರನ್ನು ಒಳಗೆ ಹತ್ತಿಸುವ ಪದ್ಧತಿಗೆ ಇಂಗ್ಲೆಂಡಿನಲ್ಲಿ ಕಾನೂನು ಪರಿಣಾಮಕಾರಿಯಾಗಿ ತಡೆಹಾಕಿದ್ದು 1875ರಲ್ಲಿ. ಐದರಿಂದ ಹತ್ತು ವರ್ಷದ ಮಕ್ಕಳು ಕಡ್ಡಾಯವಾಗಿ ಶಾಲೆಗೆ ಹೋಗಬೇಕೆಂಬ ಶಾಸನವಾದದ್ದು 1880ರಲ್ಲಿ. ‘ಮದರ್ ಗೂಸ್’ ಪ್ರಕಟವಾದ 1881ನೆಯ ವರ್ಷದಲ್ಲಿಯೇ ನಮ್ಮ ದೇಶದ ಮೊದಲ ಕಾರ್ಖಾನೆ ಕಾಯಿದೆ ಜಾರಿಗೆ ಬಂತು. ಏಳು ವರ್ಷಕ್ಕಿಂತ ಕಿರಿಯರನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂದೂ, ಏಳರಿಂದ ಹನ್ನೆರಡರವರೆಗಿನ ಮಕ್ಕಳನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ ಅದು ವಿಧಿಸಿತು. ಅದೂ ನೂರಕ್ಕೆ ಕಡಿಮೆಯಿಲ್ಲದ ಕೆಲಸಗಾರರಿರುವ, ಯಂತ್ರಶಕ್ತಿಯಿಂದ ನಡೆಯುವ ಕಾರ್ಖಾನೆಗಳಿಗೆ ಮಾತ್ರ. ಏಳು ವರ್ಷದ ಕೂಸು ಒಂಬತ್ತು ಗಂಟೆ ದುಡಿಯುವುದು ದಯೆಯ ಕಾನೂನೆಂದು ಎಣಿಸಲ್ಪಟ್ಟ ಕಾಲದಲ್ಲಿ, ಬಾಲ್ಯವೆಂದರೆ ಆಟ ಎಂದು ಪುಟಪುಟದಲ್ಲಿ ಹೇಳುವ ಪುಸ್ತಕಕ್ಕೆ ತನ್ನದೇ ಆದ ನೈತಿಕ ತೂಕವಿದೆ. ಮಗುವಿಗೆ ಆಟ ಸಲ್ಲಬೇಕು ಎಂಬ ಭಾವನೆ ಜನರ ಮನಸ್ಸಿನಲ್ಲಿ ಬೇರೂರಲು ಇಂಥ ಚಿತ್ರಗಳೂ ನೆರವಾಗಿರಬೇಕು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕೆಂದು ಒಪ್ಪಿತು. ಭಾರತ ಅದಕ್ಕೆ 1992ರಲ್ಲಿ ಸಮ್ಮತಿಯಿತ್ತಿತು. ಆ ದಾರಿಯ ಆರಂಭದಲ್ಲೆಲ್ಲೋ ಟೋಪಿ ತೊಟ್ಟ ಈ ಮಕ್ಕಳೂ ನಿಂತಿದ್ದಾರೆ.

ಆದರೆ ದುಡಿಯುವ ಮಗುವಿಗೆ ಆಟ ಬೇಕೆಂದು ಹೇಳುವುದು ಒಂದು. ದುಡಿಯುವ ಮಗುವೇ ಇಲ್ಲವೆಂಬಂತೆ ಚಿತ್ರಿಸುವುದು ಇನ್ನೊಂದು. ಗ್ರೀನ್‌ಅವೇ ಅವರ ಚಿತ್ರಗಳು ಮೊದಲನೆಯದನ್ನು ಹೇಳಹೊರಟು ಎರಡನೆಯದರಲ್ಲಿ ನಿಂತವು.

ಒಡೆದ ತಟ್ಟೆ

ಅದೇ ಮುದ್ರಕ, ಅದೇ ಕಾಲ, ಅದೇ ಶಿಶುಗೀತೆಗಳು; ಆದರೂ ಬೇರೊಂದು ಹಾದಿ ಸಾಧ್ಯವಿತ್ತು ಎಂಬುದಕ್ಕೆ ರ‍್ಯಾಂಡಾಲ್ಫ್ ಕಾಲ್ಡಿಕಾಟ್ (1846-1886) ಸಾಕ್ಷಿ. ಬ್ಯಾಂಕಿನ ಗುಮಾಸ್ತರಾಗಿ ಜೀವನವನ್ನು ಆರಂಭಿಸಿದ ಇವರು 1878ರಿಂದ 1885ರವರೆಗೆ ಪ್ರತಿವರ್ಷವೂ ಕ್ರಿಸ್ಮಸ್ ಕಾಲಕ್ಕೆ ಎರಡರಂತೆ ಹದಿನಾರು ಚಿತ್ರಪುಸ್ತಕಗಳನ್ನು ಹೊರತಂದರು. ಅವರ ರೇಖೆ ಓಡುತ್ತದೆ. ನಾಯಿಗಳು ಬೊಗಳುತ್ತವೆ, ಕುದುರೆಗಳು ಎಡವುತ್ತವೆ, ಜನರ ಪಾದ ನೆಲಕ್ಕೆ ತಾಗುತ್ತದೆ.

1882ರ ಅವರ ಒಂದು ಪುಸ್ತಕದಲ್ಲಿ ಚಮಚದೊಡನೆ ತಟ್ಟೆ ಓಡಿಹೋಗುವ ಪ್ರಸಿದ್ಧ ಗೀತೆಯಿದೆ. ಗೀತೆ ಓಟದೊಂದಿಗೆ ಮುಗಿಯುತ್ತದೆ. ಆದರೆ ಕಾಲ್ಡಿಕಾಟ್ ಅಲ್ಲಿಗೆ ನಿಲ್ಲಿಸಲಿಲ್ಲ. ಮಾತೇ ಇಲ್ಲದ ಇನ್ನೊಂದು ಚಿತ್ರವನ್ನು ಸೇರಿಸಿದರು: ತಟ್ಟೆ ಚೂರುಚೂರಾಗಿ ಬಿದ್ದಿದೆ, ಚಮಚವನ್ನು ಅದರ ಹೆತ್ತವರಂತೆ ತೋರುವ ಚಾಕುವೂ ಮುಳ್ಳುಚಮಚವೂ ಎಳೆದೊಯ್ಯುತ್ತಿವೆ. ಅದೇ ಪುಸ್ತಕದ ಇನ್ನೊಂದು ಗೀತೆಯಲ್ಲಿ, ಮೊಲದ ಚರ್ಮವನ್ನು ಹೊದ್ದ ಕೂಸೊಂದು ತಾಯಿಯೊಡನೆ ಹೋಗುತ್ತ ಗುಡ್ಡದ ಮೇಲಿನ ಜೀವಂತ ಮೊಲಗಳನ್ನು ನಿಂತು ನೋಡುತ್ತದೆ. ತನ್ನ ಮೈಮೇಲಿನ ಬೆಚ್ಚನೆಯ ಹೊದಿಕೆ ಎಲ್ಲಿಂದ ಬಂತೆಂಬುದು ಆ ಕೂಸಿಗೆ ಹೊಳೆದಿರಬಹುದೇ? ಚಿತ್ರ ಹೇಳುವುದಿಲ್ಲ, ನೋಡುವ ಮಗು ಕೇಳಿಕೊಳ್ಳುತ್ತದೆ.

ಮಗುವನ್ನು ಗೌರವಿಸುವುದು ಎಂದರೆ ಇದು ಎಂದು ನನಗೆ ತೋರುತ್ತದೆ. ಆಟಕ್ಕೆ ಕೊನೆಯುಂಟು, ಆಟಿಕೆ ಒಡೆಯುತ್ತದೆ, ಒಬ್ಬರ ಸುಖದ ಹಿಂದೆ ಇನ್ನೊಂದು ಜೀವದ ನೋವಿರಬಹುದು. ಇವೆಲ್ಲ ಮಗುವಿಗೆ ತಿಳಿಯದ ಸಂಗತಿಗಳಲ್ಲ. ಗೊಂಬೆಯ ಕೈ ಮುರಿದ ದಿನವೇ ಅದಕ್ಕೆ ತಿಳಿದಿರುತ್ತದೆ. ಹಿರಿಯರು ಅದನ್ನು ಮುಚ್ಚಿಟ್ಟು ಕೊನೆಯಿಲ್ಲದ ತೋಟವೊಂದನ್ನು ತೋರಿಸಿದಾಗ ಮಗುವಿಗೆ ತನ್ನ ಅನುಭವದ ಮೇಲೆಯೇ ಅನುಮಾನ ಹುಟ್ಟುತ್ತದೆ.

ಇವರಿಗೂ ಮೂರು ಶತಮಾನಗಳ ಹಿಂದೆ, 1560ರಲ್ಲಿ, ಪೀಟರ್ ಬ್ರೂಗೆಲ್ ಎಂಬ ಫ್ಲೆಮಿಶ್ ಕಲಾವಿದ ಆಟವನ್ನೇ ವಿಷಯವಾಗಿಟ್ಟುಕೊಂಡು ದೊಡ್ಡ ವರ್ಣಚಿತ್ರವೊಂದನ್ನು ರಚಿಸಿದ್ದ. ಈಗ ವಿಯೆನ್ನಾ ನಗರದಲ್ಲಿರುವ ಅದರಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಎಂಬತ್ತಕ್ಕೂ ಹೆಚ್ಚು ಆಟಗಳನ್ನು ಆಡುತ್ತಿದ್ದಾರೆ. ಬುಗುರಿ ತಿರುಗಿಸುವವರಿದ್ದಾರೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರಿದ್ದಾರೆ, ಬೆನ್ನ ಮೇಲಿಂದ ಹಾರುವವರಿದ್ದಾರೆ, ಎಡಮೂಲೆಯಲ್ಲಿ ನಮ್ಮ ಕಲ್ಲಾಟದಂತೆಯೇ ಸಣ್ಣ ಮೂಳೆಗಳನ್ನು ಎಸೆದು ಹಿಡಿಯುವವರಿದ್ದಾರೆ. ಮುಖಗಳು ಮುದ್ದಾಗಿಲ್ಲ, ಕೆಲವು ಒರಟಾಗಿವೆ. ಆದರೆ ಇಡೀ ಊರು ಆ ಆಟಕ್ಕೆ ಅಂಗಳವಾಗಿದೆ. ತಾವರೆಕೆರೆಯ ಮಗುವಿನ ಮುಂದೆ ಈ ಚಿತ್ರವನ್ನಿಟ್ಟರೆ ಅದು ಯಾರ ಸಹಾಯವೂ ಇಲ್ಲದೆ ಹತ್ತಾರು ಆಟಗಳನ್ನು ಗುರುತಿಸೀತು. ಬೇಲಿಯೊಳಗಿನ ತೋಟ ದೂರದ್ದಾಗಿ ಕಾಣುವುದು ದೇಶ ಬೇರೆಯೆಂಬ ಕಾರಣಕ್ಕಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ನೀರಿಗೆ ಜಾರಿದ ತುತ್ತೂರಿ

ಇನ್ನು ನಮ್ಮ ನುಡಿಯ ಕಡೆಗೆ ಬರೋಣ. ಕನ್ನಡದಲ್ಲಿ ಮಕ್ಕಳ ಪದ್ಯ ಪುಸ್ತಕರೂಪದಲ್ಲಿ ಬೆಳೆದ ಕಥೆಗೂ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೂ ನಿಕಟ ಸಂಬಂಧವಿದೆ. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾದ ಆ ಮುದ್ರಣಾಲಯ ಶಾಲಾ ಪುಸ್ತಕಗಳನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದ ಪಂಜೆ ಮಂಗೇಶರಾಯರು (1874-1937) ಶಾಲಾ ಮಕ್ಕಳಿಗಾಗಿ ಸಿದ್ಧಪಡಿಸಿದ ಪದ್ಯಪುಸ್ತಕಗಳು ಅಲ್ಲಿಂದಲೇ ಹೊರಬಂದವು. 1921ರಲ್ಲಿ ಅವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನೂ ಕಟ್ಟಿದರು. ಇಂಗ್ಲಿಷ್ ಶಿಶುಗೀತೆಗಳ ಪರಿಚಯ ಪಂಜೆಯವರಿಗೆ ಚೆನ್ನಾಗಿತ್ತು. ಆದರೆ ಅವರು ಟೋಪಿಯ ಮಕ್ಕಳನ್ನು ತರಲಿಲ್ಲ. ಅವರ ‘ನಾಗರಹಾವೆ’ ಪದ್ಯದ ಮಗು ಹಾವನ್ನು ಹತ್ತಿರಕ್ಕೆ ಕರೆದು, ಕೊನೆಗೆ ದೂರಕ್ಕೆ ಕಳುಹಿಸುತ್ತದೆ. ಭಯವೂ ಕುತೂಹಲವೂ ಅಲ್ಲಿ ಒಂದೇ ಆಟದ ಎರಡು ಕೈಗಳು. ತೆಂಕಣ ಗಾಳಿಯ ಅಬ್ಬರಕ್ಕೆ ಅವರು ಇಟ್ಟ ಹೆಸರೇ ‘ಆಟ’. ಅಪಾಯವಿಲ್ಲದ ಆಟವನ್ನು ಪಂಜೆಯವರು ನಂಬಿದಂತೆ ಕಾಣುವುದಿಲ್ಲ.

ಜಿ. ಪಿ. ರಾಜರತ್ನಂ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತ ಮಕ್ಕಳ ಪದ್ಯಗಳಿಗೆ ಕೈಹಾಕಿದವರು. ಕನ್ನಡ ಬಲ್ಲ ಮಗು ಇಂದಿಗೂ ಹೇಳುವ ಅವರ ‘ತುತ್ತೂರಿ’ಯ ಕಥೆಯನ್ನು ನೆನೆಯಿರಿ. ಹುಡುಗ ಬಣ್ಣದ ತಗಡಿನ ತುತ್ತೂರಿಯೊಂದನ್ನು ದುಡ್ಡು ಕೊಟ್ಟು ಕೊಳ್ಳುತ್ತಾನೆ, ತನ್ನಲ್ಲಿ ಮಾತ್ರ ಅದಿದೆಯೆಂದು ಮೆರೆಯುತ್ತ ಬೀದಿಯಲ್ಲಿ ನಡೆಯುತ್ತಾನೆ, ಸಂಜೆ ಕೊಳದ ಬಳಿ ಅದು ನೀರಿಗೆ ಜಾರುತ್ತದೆ. ದನಿ ಕಟ್ಟುತ್ತದೆ, ಬಣ್ಣ ತೊಳೆದುಹೋಗುತ್ತದೆ. ಕೆಲವೇ ಸಾಲುಗಳಲ್ಲಿ ಆಸೆ, ಹೆಮ್ಮೆ, ನಷ್ಟ ಎಲ್ಲವೂ ಬಂದುಹೋಗುತ್ತವೆ. ಮಕ್ಕಳು ಅದನ್ನು ನಗುತ್ತಲೇ ಹೇಳುತ್ತಾರೆ. ಹುಡುಗನ ಗೋಳಿಗೆ ನಗುತ್ತ ನಗುತ್ತಲೇ ತಮ್ಮ ಗೋಳನ್ನೂ ಗುರುತಿಸುತ್ತಾರೆ. ಇದು ಕಾಲ್ಡಿಕಾಟರ ಒಡೆದ ತಟ್ಟೆಯ ನೆರೆಯಲ್ಲಿ ನಿಲ್ಲಬಲ್ಲ ಪದ್ಯ.

ಆದರೆ ಈ ಪದ್ಯವನ್ನು ಪುಸ್ತಕದಲ್ಲಿಯೋ ಪಟದಲ್ಲಿಯೋ ಅಚ್ಚು ಮಾಡಿದಾಗ ಪಕ್ಕದಲ್ಲಿ ಏನಿರುತ್ತದೆ? ನಾನು ಕಂಡ ಬಹುತೇಕ ಪಟಗಳಲ್ಲಿ ಕೆಂಪು ಕೆನ್ನೆಯ ಹುಡುಗನೊಬ್ಬ ಹೊಳೆಯುವ ತುತ್ತೂರಿಯನ್ನು ಊದುತ್ತಿರುತ್ತಾನೆ. ನೀರಿಗೆ ಜಾರಿದ ತುತ್ತೂರಿಯಾಗಲಿ, ಬಣ್ಣ ಬಿಟ್ಟ ತಗಡಾಗಲಿ ಚಿತ್ರಕ್ಕೆ ಬಂದಿರುವುದಿಲ್ಲ. ಪದ್ಯ ಕೊನೆಯವರೆಗೆ ನಡೆದರೂ ಚಿತ್ರ ಮೊದಲ ಸಾಲುಗಳಲ್ಲಿಯೇ ನಿಂತುಬಿಟ್ಟಿದೆ. ಕವಿ ಕನ್ನಡದವನು, ಚಿತ್ರದ ಕಣ್ಣು ಇನ್ನೂ ಬೇಲಿಯೊಳಗಿನ ತೋಟದ್ದು.

ಇದೇ ಮಾತನ್ನು ಇನ್ನೊಂದು ಕೃತಿಯ ಮೂಲಕ ಮತ್ತಷ್ಟು ಸ್ಪಷ್ಟವಾಗಿ ಕಾಣಬಹುದು. ರಾಬರ್ಟ್ ಬ್ರೌನಿಂಗ್ ಕವಿಯ ‘ಪೈಡ್ ಪೈಪರ್’ ಹುಟ್ಟಿದ್ದೇ ಚಿತ್ರಕ್ಕಾಗಿ. ಕಾಯಿಲೆಯಿಂದ ಮಲಗಿದ್ದ ಸ್ನೇಹಿತರ ಮಗನೊಬ್ಬನಿಗೆ ಚಿತ್ರ ಬರೆಯುವ ಆಸೆ. ಅವನಿಗೆ ಬರೆಯಲು ವಿಷಯ ಬೇಕೆಂದು ಕವಿ ಆ ಪದ್ಯವನ್ನು ರಚಿಸಿದ. ಅದು ಅಚ್ಚಾದದ್ದು 1842ರಲ್ಲಿ. ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನಾಗಿ ಮಾಡಿದರು. ಕೊಳಲೂದುವವನು ಜೋಗಿಯಾದ, ಅವನ ಕೈಯಲ್ಲಿ ಕಿಂದರಿ ಬಂತು, ಇಲಿಗಳೂ ಊರಗೌಡನೂ ನಮ್ಮವರೇ ಆದರು. 1888ರಲ್ಲಿ ಇಂಗ್ಲಿಷ್ ಮೂಲಕ್ಕೆ ಚಿತ್ರ ಬರೆದವರು ಇದೇ ಕೇಟ್ ಗ್ರೀನ್‌ಅವೇ.

ಮಾತಿಗೆ ತಪ್ಪಿದ ಹಿರಿಯರಿಂದಾಗಿ ಊರು ತನ್ನ ಮಕ್ಕಳನ್ನೆಲ್ಲ ಕಳೆದುಕೊಳ್ಳುವ ಕಥೆ ಅದು. ಗ್ರೀನ್‌ಅವೇ ಅದರಲ್ಲಿಯೂ ಒಂದು ತೋಟವನ್ನು ಬರೆದರು: ಹೂಬಿಟ್ಟ ಮರದ ಕೆಳಗೆ ಕುಳಿತ ಕೊಳಲುಗಾರನ ಸುತ್ತ ಮಕ್ಕಳು ನಲಿಯುತ್ತಿದ್ದಾರೆ. ಮೊದಲ ನೋಟಕ್ಕೆ ಇದು ಕಥೆಗೆ ಬಗೆದ ದ್ರೋಹವೆನಿಸುತ್ತದೆ. ಆದರೆ ಬ್ರೌನಿಂಗ್ ಕಾವ್ಯದಲ್ಲಿ ಒಬ್ಬ ಕುಂಟ ಹುಡುಗನಿದ್ದಾನೆ. ಉಳಿದವರೊಡನೆ ಹೆಜ್ಜೆ ಹಾಕಲಾರದೆ ಹಿಂದುಳಿದ ಅವನು ಬರುವಷ್ಟರಲ್ಲಿ ಬೆಟ್ಟದ ಬಾಗಿಲು ಮುಚ್ಚಿಹೋಗಿರುತ್ತದೆ. ಒಳಗೆ ಹೂವೂ ಹಣ್ಣೂ ತುಂಬಿದ ನಾಡಿದೆಯೆಂದು ಸಂಗೀತ ತನಗೆ ಮಾತುಕೊಟ್ಟಿತ್ತೆಂದು ಆತ ಜೀವನಪರ್ಯಂತ ಹೇಳಿಕೊಳ್ಳುತ್ತಾನೆ. ಗ್ರೀನ್‌ಅವೇ ಬರೆದದ್ದು ಆ ಹುಡುಗ ಕಾಣದೆಹೋದ ತೋಟವನ್ನು. ಅವರ ಎಲ್ಲ ಚಿತ್ರಗಳನ್ನೂ ಈ ಬೆಳಕಿನಲ್ಲಿ ಓದಬಹುದೆಂದು ನನಗೆ ಅನಿಸುತ್ತದೆ. ಅವು ಒಳಗಿರುವವರ ಬಾಲ್ಯವಲ್ಲ; ಬಾಗಿಲು ಮುಚ್ಚಿದ ಮೇಲೆ ಹೊರಗೆ ನಿಂತವರು ನೆನೆಯುವ ಬಾಲ್ಯ. ಹಿರಿಯರಿಗೆ ಅವು ಪ್ರಿಯವಾಗುವುದು ಅದಕ್ಕಾಗಿಯೇ. ತಾವರೆಕೆರೆಯ ಹುಡುಗಿಯ ನೆಲೆ ಬೇರೆ. ಅವಳು ಬಾಲ್ಯದ ಒಳಗೇ ಇದ್ದಾಳೆ. ಆದರೂ ಗೋಡೆಯ ಪಟದ ಮುಂದೆ ಅವಳನ್ನು ನಾವು ಬಾಗಿಲಿನ ಹೊರಗೆ ನಿಲ್ಲಿಸಿದ್ದೇವೆ.

ಚಿತ್ರಕಾರ ಸಿಗದ ಆಟಗಳು

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಹಳ್ಳಿಗಳಲ್ಲಿ ಆಟಕ್ಕೆ ಬಡತನವಿರಲಿಲ್ಲ. ಮಣ್ಣಿನ ಮೇಲೆ ಗೆರೆ ಕೊರೆದು ಹೆಂಚಿನ ಚೂರನ್ನು ಎಸೆದರೆ ಕುಂಟೆಬಿಲ್ಲೆ. ಹುಣಸೆಬೀಜವನ್ನು ಒಂದು ಮಗ್ಗುಲು ತೇದು ಬೆಳ್ಳಗೆ ಮಾಡಿದರೆ ಚೌಕಾಬಾರಕ್ಕೆ ದಾಳ. ಏಳೇಳು ಗುಳಿಗಳ ಎರಡು ಸಾಲು ಅಳಗುಳಿಮಣೆ. ಮಣೆಯಿಲ್ಲದಿದ್ದರೆ ಜಗಲಿಯ ಕಲ್ಲಿನಲ್ಲಿಯೇ ತೋಡಿದ ಗುಳಿಗಳುಂಟು. ಚಿನ್ನಿದಾಂಡು, ಲಗೋರಿ, ಗೋಲಿ, ಬುಗುರಿ, ಹಳೆಯ ಸೈಕಲ್ ಟಯರು. ಗ್ರೀನ್‌ಅವೇ ಅವರ ಮಕ್ಕಳು ಹುಲ್ಲಿನ ಮೇಲೆ ಉರುಳಿಸುವ ಬಳೆಗೂ ನಮ್ಮ ಹುಡುಗರು ಕೋಲಿನಿಂದ ಹೊಡೆದು ಓಡಿಸುವ ಟಯರಿಗೂ ಆಟದ ತತ್ತ್ವ ಒಂದೇ. ಒಂದಕ್ಕೆ ಚಿತ್ರಕಾರ ಸಿಕ್ಕಿದ, ಇನ್ನೊಂದಕ್ಕೆ ಸಿಗಲಿಲ್ಲ.

ಇನ್ನೊಂದು ಭೇದವೂ ಉಂಟು. ಇಲ್ಲಿ ಆಟ ಕೆಲಸದ ನಡುವೆ ಹುಟ್ಟುತ್ತದೆ. ಕುರಿ ಮೇಯಲು ಬಿಟ್ಟು ಬಂಡೆಯ ಮೇಲೆ ಗೆರೆ ಕೊರೆಯುತ್ತಾರೆ. ಕಡಲೆಕಾಯಿ ಬಿಡಿಸುತ್ತ ಎಣಿಕೆಯ ಪಂದ್ಯ ಕಟ್ಟುತ್ತಾರೆ. ತಂಗಿಯನ್ನು ಸೊಂಟದ ಮೇಲಿಟ್ಟುಕೊಂಡೇ ಅಕ್ಕ ಕುಂಟುತ್ತಾಳೆ. ಇದನ್ನು ಹೊಗಳಿ ಹಾಡುವುದು ನನ್ನ ಉದ್ದೇಶವಲ್ಲ. ಎಳೆಯ ಸೊಂಟದ ಮೇಲೆ ಸಂಸಾರದ ಭಾರ ಬೀಳಬಾರದು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದ ಕಾನೂನು 2016ರ ತಿದ್ದುಪಡಿಯಲ್ಲಿ, ಶಾಲೆಯ ವೇಳೆಯ ಹೊರಗೆ ಕುಟುಂಬದ ಕೆಲಸಕ್ಕೆ ನೆರವಾಗುವುದಕ್ಕೆ ಬಾಗಿಲನ್ನು ತೆರೆದೇ ಇಟ್ಟಿತೆಂಬುದೂ ಚಿಂತೆಯ ವಿಷಯವೇ. ಆದರೆ ಚಿತ್ರದ ಕರ್ತವ್ಯ ಬೇರೆ. ಭಾರವನ್ನು ಇಳಿಸಲು ಚಿತ್ರಕ್ಕೆ ಆಗದು. ಭಾರ ಹೊತ್ತೂ ಆಡಿದ ಮಗುವನ್ನು ನೋಡಲು ಆಗುತ್ತದೆ. ‘ನೀನು ಆಡಿದ್ದು ಆಟವೇ’ ಎಂದು ಅದು ಹೇಳಬಲ್ಲದು.

ಸರಕಾರಿ ಶಾಲೆಗಳ ‘ನಲಿಕಲಿ’ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾ‌ಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಗು ಚಿತ್ರಗಳಿರುವ ಕಾರ್ಡುಗಳನ್ನು ತಾನೇ ಆರಿಸಿಕೊಂಡು ತನ್ನ ವೇಗದಲ್ಲಿ ಕಲಿಯುತ್ತದೆ. ಊರಿನ ಪ್ರಾಣಿ ಪಕ್ಷಿಗಳು, ಪರಿಚಿತ ವಸ್ತುಗಳು ಆ ಕಾರ್ಡುಗಳಿಗೆ ಬಂದವು. ಆದರೆ ಕೂಲಿಯ ಹಣದಲ್ಲಿ ಉಳಿಸಿ ಮಕ್ಕಳನ್ನು ಇಂಗ್ಲಿಷ್ ಶಿಶುವಿಹಾರಕ್ಕೆ ಕಳುಹಿಸುವ ತಂದೆತಾಯಿಗಳು ಗೋಡೆಯ ಮೇಲೆ ಜಾಕ್ ಮತ್ತು ಜಿಲ್ ಇರುವುದನ್ನೇ ಶಾಲೆಯ ಗುಣಕ್ಕೆ ಸಾಕ್ಷಿಯೆಂದು ನಂಬುತ್ತಾರೆ. ಅವರನ್ನು ದೂರುವಂತಿಲ್ಲ. ತಮಗೆ ತೆರೆಯದ ಬಾಗಿಲು ಮಕ್ಕಳಿಗೆ ತೆರೆಯಲಿ ಎಂಬ ಆಸೆ ಅದು. ಈಗ ಪಟದ ಜಾಗಕ್ಕೆ ಮೊಬೈಲ್ ದೂರವಾಣಿಯ ಪರದೆ ಬಂದಿದೆ. ಅಲ್ಲಿ ಕನ್ನಡ ಶಿಶುಗೀತೆಗಳೂ ಕುಣಿಯುತ್ತವೆ. ಆದರೆ ಅದೇ ಕೆಂಪು ಕೆನ್ನೆ, ಅದೇ ಸಮನಾದ ಹುಲ್ಲು. ಒಂದು ಗೀತೆ ಮುಗಿದೊಡನೆ ಇನ್ನೊಂದು ತಾನಾಗಿಯೇ ಆರಂಭವಾಗುತ್ತದೆ. ಕೊನೆಯಿಲ್ಲದ ತೋಟ ಈಗ ಅಕ್ಷರಶಃ ಕೊನೆಯಿಲ್ಲದ್ದಾಗಿದೆ.

ಹಾಗಾದರೆ ಹಳೆಯ ಪಟಗಳನ್ನು ಕಿತ್ತೊಗೆಯಬೇಕೇ? ಬೇಡ. ಗ್ರೀನ್‌ಅವೇ ಅವರ ಬಣ್ಣಗಳಲ್ಲಿರುವ ಮೃದುತ್ವ ಯಾವ ಮಗುವಿಗೂ ಅನ್ಯವಾಗಬೇಕಿಲ್ಲ. ದೂರದ ತೋಟವನ್ನು ನೋಡಿ ಸಂತೋಷಪಡುವ ಅಧಿಕಾರ ತಾವರೆಕೆರೆಯ ಮಗುವಿಗೂ ಇದೆ. ಆಕ್ಷೇಪವಿರುವುದು ಗೋಡೆಯ ಮೇಲೆ ಅದೊಂದೇ ಇರುವುದಕ್ಕೆ. ಶಾಲೆಗಳನ್ನು ನಡೆಸುವವರೂ ಮಕ್ಕಳ ಪುಸ್ತಕಗಳನ್ನು ಅಚ್ಚು ಮಾಡಿಸುವವರೂ ಚಿತ್ರಕಾರನಿಗೆ ಒಂದು ಮಾತು ಹೇಳಿದರೆ ಸಾಕು: ಪದ್ಯವನ್ನು ಕೊನೆಯವರೆಗೆ ಓದಿ, ಮಕ್ಕಳು ಆಡುವಲ್ಲಿ ಒಂದು ದಿನ ಕುಳಿತು, ಆಮೇಲೆ ಬರೆಯಿರಿ. ಪಾದಗಳಿಂದ ಆರಂಭಿಸಿದರೆ ಇನ್ನೂ ಒಳ್ಳೆಯದು.

ಅಂದು ಮಧ್ಯಾಹ್ನ ಆ ಶಿಕ್ಷಕಿ ಮಕ್ಕಳ ಕೈಗೆ ಹಾಳೆಗಳನ್ನು ಕೊಟ್ಟು ಜಾಕ್ ಮತ್ತು ಜಿಲ್ ಚಿತ್ರವನ್ನು ಬರೆಯಲು ಹೇಳಿದರು. ಹೆಚ್ಚಿನವರು ಪಟವನ್ನು ನೋಡಿ ಗುಡ್ಡವನ್ನೇ ಬರೆದರು. ಪ್ರಶ್ನೆ ಕೇಳಿದ ಹುಡುಗಿಯ ಹಾಳೆಯಲ್ಲಿ ಗುಡ್ಡವಿರಲಿಲ್ಲ. ಊರಿನವರು ‘ಸಿಸ್ಟನ್’ ಎನ್ನುವ ನೀರಿನ ತೊಟ್ಟಿ, ಅದಕ್ಕೊಂದು ನಲ್ಲಿ, ನಲ್ಲಿಯಿಂದ ಹಾಳೆಯ ಅಂಚಿನವರೆಗೂ ಸಾಲಾಗಿ ಇಟ್ಟ ಬಿಂದಿಗೆಗಳು. ಮನುಷ್ಯರು ಇಬ್ಬರೇ, ಅವರು ಸಾಲಿನಿಂದ ಪಕ್ಕಕ್ಕೆ ಬಂದು, ನೆಲದ ಮೇಲೆ ಕೊರೆದ ಚೌಕಗಳಲ್ಲಿ ಒಂಟಿಕಾಲಿನಲ್ಲಿ ನಿಂತಿದ್ದರು. ಇದೇನೆಂದು ಕೇಳಿದೆ. “ನೀರು ಬರೋಗಂಟ ಆಡ್ಕೊಂತಾರೆ ಸಾ. ಬಿಂದಿಗೆ ಪಾಳೀಲಿ ಐತಲ್ಲ” ಎಂದಳು. ಇಬ್ಬರಿಗೂ ಐದೈದು ಬೆರಳುಗಳ ದೊಡ್ಡ ಪಾದಗಳಿದ್ದವು.